ಭಾಯಾಗಡದ ಬಿಡಾರದಲ್ಲಿ ಆ ರಾತ್ರಿ

ನಮ್ಮ ಮನೆಯಲ್ಲಿದ್ದದ್ದು ಒಂದೇ ತಾಡಪಾಲು. ಮೆಕ್ಕೆಜೋಳದ ತೆನೆ ಮುರಿದು, ದೀಪಾವಳಿಯ ಹಾಡು ಮುಗಿಯುತ್ತಿದ್ದ ಹಾಗೆ ಬಾಪು ಅದನ್ನು ಮಡಚಿ, ಕಬ್ಬು ಕಡಿಯುವ ಮಚ್ಚು, ನಾಲ್ಕು ಪಾತ್ರೆ, ಹಿಟ್ಟಿನ ಚೀಲದ ಜೊತೆ ಲಾರಿಗೆ ಹಾಕುತ್ತಿದ್ದ. ಹಿಂದಿನಿಂದ ಯಾಡಿಯೂ ಹತ್ತುತ್ತಿದ್ದಳು. ನಮ್ಮ ಲಂಬಾಣಿಗಳಲ್ಲಿ ಅವ್ವನಿಗೆ ಯಾಡಿ ಅನ್ನುತ್ತೇವೆ. ಲಾರಿ ಮಂಡ್ಯದ ಕಡೆ ಹೋಗುತ್ತಿತ್ತು. ಕಬ್ಬಿನ ಗದ್ದೆಯ ಬದುವಿನ ಮೇಲೆ ನಾಲ್ಕು ಗಳ ನೆಟ್ಟು ಆ ತಾಡಪಾಲು ಹೊದಿಸಿದರೆ ಬೇಸಿಗೆವರೆಗೂ ಅವರಿಗೆ ಅದೇ ಮನೆ. ಜಗಳೂರು ಸೀಮೆ ಮಳೆಯನ್ನೇ ನಂಬಿದ ನೆಲ. ಮಳೆ ಕೈಕೊಟ್ಟ ವರ್ಷ ನಮ್ಮ ತಾಂಡಾದಲ್ಲಿ ಉಳಿಯುತ್ತಿದ್ದವರು ಮುದುಕರು, ಬಾಣಂತಿಯರು, ಶಾಲೆಗೆ ಹೋಗುವ ನಮ್ಮಂಥ ಮಕ್ಕಳು ಅಷ್ಟೇ. ನಾನು, ನನ್ನ ತಮ್ಮ ಬೆಳೆದದ್ದು ದಾದಿಯ ಮಗ್ಗುಲಲ್ಲಿ. ದಾದಿ ಅಂದರೆ ಬಾಪುವಿನ ತಾಯಿ.

ಅದೇ ತಾಡಪಾಲು ವರ್ಷಕ್ಕೊಮ್ಮೆ ಬೇರೆ ಕೆಲಸಕ್ಕೆ ಬರುತ್ತಿತ್ತು. ಫೆಬ್ರುವರಿ 13, 14, 15ಕ್ಕೆ ಸೂರಗೊಂಡನಕೊಪ್ಪದಲ್ಲಿ ಸೇವಾಲಾಲ್ ಜಯಂತಿ. ಆ ಊರಿಗೆ ನಮ್ಮವರು ಕರೆಯುವ ಹೆಸರು ಭಾಯಾಗಡ. 1739ರ ಫೆಬ್ರುವರಿ 15ರಂದು ಸಂತ ಸೇವಾಲಾಲರು ಹುಟ್ಟಿದ ಜಾಗ ಅದು ಎಂದು ನಂಬಿ ನಡೆದುಕೊಳ್ಳುತ್ತೇವೆ. ಈಗ ಅದು ನ್ಯಾಮತಿ ತಾಲ್ಲೂಕಿಗೆ ಸೇರಿದೆ. ನಾನು ಹೇಳುತ್ತಿರುವ ವರ್ಷ ನ್ಯಾಮತಿ ಇನ್ನೂ ತಾಲ್ಲೂಕಾಗಿರಲಿಲ್ಲ, ಹೊನ್ನಾಳಿಯ ಕೆಳಗಿತ್ತು. ಕಬ್ಬು ಕಡಿಯಲು ಹೋದವರು ಮೇಸ್ತ್ರಿಯ ಹತ್ತಿರ ಗೋಗರೆದು ರಜೆ ಹಾಕಿಸಿಕೊಂಡು ಅಲ್ಲಿಂದ ನೇರ ಭಾಯಾಗಡಕ್ಕೆ ಬರುತ್ತಿದ್ದರು. ಉಳಿದ ನಾವು ತಾಂಡಾದಿಂದ ಟ್ರ್ಯಾಕ್ಟರ್‌ನಲ್ಲಿ ಹೋಗಿ ಅವರನ್ನು ಕೂಡುತ್ತಿದ್ದೆವು. ಸಂಸಾರವೆಲ್ಲ ಒಟ್ಟಿಗೆ ಮನೆಬಿಟ್ಟು, ದುಡಿಮೆಯ ಮಾತಿಲ್ಲದೆ, ಹಾಡಿ ಕುಣಿದು ಉಂಡು ಮಲಗುವ ರಜೆ ಅಂತ ನಮಗಿದ್ದದ್ದು ಅದೊಂದೇ.

ಟ್ರೇಲರ್ ತುಂಬುವುದನ್ನು ದಾದಿ ನಿಂತು ಮಾಡಿಸುತ್ತಿದ್ದಳು. ಅಡಿಗೆ ಜೋಳದ ಸೊಪ್ಪೆ, ಅದರ ಮೇಲೆ ಕೌದಿಗಳು. ಮೂಲೆಯಲ್ಲಿ ಬಳ್ಳಾರಿ ಜಾಲಿಯ ಸೌದೆ ಕಟ್ಟು. ಇನ್ನೊಂದು ಮೂಲೆಯಲ್ಲಿ ಹಿಟ್ಟು, ಖಾರದಪುಡಿ, ಬೆಲ್ಲ, ಭೋಗ್ ಪೂಜೆಗೆ ಬೇಕಾದ ತುಪ್ಪ. ನಟ್ಟನಡುವೆ, ಎರಡು ಕೌದಿ ಸುತ್ತಿದ ನಂಗಾರ. ಅದು ತಾಂಡಾದ ಗುಡಿಯಲ್ಲಿರುವ ವಾದ್ಯ. ನಾಯಕನನ್ನು ಕೇಳದೆ ಹೊರಗೆ ತೆಗೆಯುವ ಹಾಗಿಲ್ಲ, ದಾಟಿಕೊಂಡು ಓಡಾಡುವ ಹಾಗಿಲ್ಲ, ಮಕ್ಕಳು ಮುಟ್ಟುವ ಹಾಗಿಲ್ಲ. ಕೊನೆಗೆ ದಾದಿ ತನ್ನ ಮಡಿಲಲ್ಲಿಟ್ಟುಕೊಂಡದ್ದು ಒಂದು ಬಟ್ಟೆಗಂಟು. ಅದರಲ್ಲಿ ಯಾಡಿಯ ಫೇಟ್ಯಾ, ಕಾಂಚಳಿ, ಟುಕ್ರಿ ಇದ್ದವು. ಕನ್ನಡಿ, ಕವಡೆ, ದಾರದ ಕಸೂತಿ ತುಂಬಿದ ಆ ಲಂಗ, ರವಿಕೆ, ಮೇಲುದವನ್ನು ಕಬ್ಬಿನ ಗದ್ದೆಗೆ ಒಯ್ಯಲು ಬರುವುದಿಲ್ಲ. ಅಲ್ಲಿ ಯಾಡಿ ಹಳೆ ಸೀರೆಯ ಮೇಲೆ ಬಾಪುವಿನ ಹರಿದ ಅಂಗಿ ತೊಟ್ಟು ದುಡಿಯುತ್ತಿದ್ದಳು.

ಆ ವರ್ಷ ತಾಂಡಾದ ಗಡಿ ದಾಟಿದ್ದೇ ಹಾಡು ಶುರುವಾಯಿತು. ದಾವಣಗೆರೆಯ ಗದ್ದಲದಲ್ಲೂ ನಿಲ್ಲಲಿಲ್ಲ. ತ್ಯಾವಣಿಗೆ ಆಚೆ ನೆಲದ ಬಣ್ಣವೇ ಬದಲಾಗುತ್ತದೆ. ಭದ್ರಾ ನಾಲೆಯ ನೀರು ಕುಡಿದ ಗದ್ದೆ, ಅಡಿಕೆ ತೋಟ. ಜಗಳೂರಿನಲ್ಲಿ ಟ್ಯಾಂಕರ್ ನೀರಿಗೆ ಕೊಡ ಸಾಲಿಡುವ ಮಕ್ಕಳು ನಾವು. ಸಂಜೆ ಹೊತ್ತಿಗೆ ಸೂಳೆಕೆರೆ ಏರಿ ಮೇಲೆ ಟ್ರ್ಯಾಕ್ಟರ್ ನಿಂತಿತು. ಶಾಂತಿಸಾಗರ ಎಂದೂ ಕರೆಯುವ ಆ ಕೆರೆ ಎರಡು ಗುಡ್ಡದ ನಡುವೆ ಕಟ್ಟಿದ್ದು. ಏರಿಯ ಮೇಲೆ ನಿಂತವರಿಗೆ ಆಚೆ ದಡ ಕಾಣಿಸುವುದೇ ಕಷ್ಟ. ಹಾಡು ತಾನಾಗಿ ನಿಂತಿತು. ದಾದಿ ಇಳಿದು ನೀರಿಗೆ ಕೈಮುಗಿದಳು. ಲದೇಣಿ ಕಾಲದಲ್ಲಿ ಇಂಥ ನೀರು ಕಂಡಲ್ಲೇ ನಮ್ಮ ಹಿರಿಯರು ಎತ್ತುಗಳ ಬೆನ್ನಿನ ಹೇರು ಇಳಿಸುತ್ತಿದ್ದರು ಅಂದಳು.

ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ಊರಿಂದೂರಿಗೆ ಸಾಗುವುದೇ ಲದೇಣಿ. ದಾದಿ ಅದನ್ನು ಕಣ್ಣಾರೆ ಕಂಡವಳಲ್ಲ, ಅವಳ ಅಜ್ಜಿಯೂ ಕಂಡಿರಲಿಕ್ಕಿಲ್ಲ. ಹಾಡಿನಲ್ಲಿ ಕೇಳಿದ್ದನ್ನು ಕಂಡಂತೆ ಹೇಳುತ್ತಿದ್ದಳು. ಇಸವಿಗಳನ್ನು ನಾನು ಮುಂದೆ ಓದಿ ತಿಳಿದುಕೊಂಡೆ. ಮೊಘಲರ ಸೈನ್ಯಕ್ಕೂ ದವಸ ಹೊತ್ತದ್ದು ನಮ್ಮವರ ಎತ್ತುಗಳು. 1792ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಅವನ ದಂಡಿಗೆ ಕಾಳು ಒದಗಿಸಿದ್ದೂ ಅವೇ. ರೈಲು ಬಂತು, ರಸ್ತೆ ಬಂತು, ಎತ್ತಿನ ಬೆನ್ನಿನ ವ್ಯಾಪಾರ ಬಿತ್ತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಕೆಲವು ಪ್ರಾಂತ್ಯಗಳಲ್ಲಿ ನಮ್ಮವರನ್ನೂ ಆ ಪಟ್ಟಿಗೆ ಹಾಕಿದರು. ಅದರಿಂದ ಬಿಡುಗಡೆ ಸಿಕ್ಕಿದ್ದು 1952ರಲ್ಲಿ. ಸೈನ್ಯಗಳಿಗೆ ಅನ್ನ ಹೊತ್ತವರ ಮೊಮ್ಮಕ್ಕಳು ಅದೇ ಶ್ರೀರಂಗಪಟ್ಟಣದ ಸುತ್ತಿನ ಗದ್ದೆಗಳಲ್ಲಿ ಮುಂಗಡದ ಸಾಲ ತೀರಿಸಲು ಕಬ್ಬು ಕಡಿಯುತ್ತಾರೆ ಅನ್ನುವುದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ರಾತ್ರಿ ಚನ್ನಗಿರಿ ತಾಲ್ಲೂಕಿನ ತಾಂಡಾದಲ್ಲಿ ಮಾಸಿಯ ಮನೆ. ಮಾಸಿ ಯಾಡಿಯ ತಂಗಿ. ಬೆಳಗ್ಗೆ ಅವರ ಸಂಸಾರವೂ ನಮ್ಮ ಟ್ರೇಲರ್ ಹತ್ತಿತು. ಹೊನ್ನಾಳಿ ಸೇತುವೆ ಹತ್ತಿರ ಇಳಿದು ತುಂಗಭದ್ರೆಯಲ್ಲಿ ಮುಳುಗೆದ್ದೆವು. ಮಾಘದ ಚಳಿ ಇನ್ನೂ ಇತ್ತು, ಹೊಳೆಯಲ್ಲಿ ಬಂಡೆ ಕಾಣುವಷ್ಟು ನೀರು ಇಳಿದಿತ್ತು. ನ್ಯಾಮತಿಯಲ್ಲಿ ಕಾಯಿಪಲ್ಲೆ ಕಟ್ಟಿಸಿಕೊಂಡು ಭಾಯಾಗಡ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು.

ನೋಡಿದಷ್ಟೂ ದೂರ ಬಿಡಾರಗಳು. ಕೊಯ್ಲಾದ ಹೊಲಗಳಲ್ಲಿ ಟ್ರ್ಯಾಕ್ಟರು, ಲಾರಿ, ಟೆಂಪೊ. ಎರಡು ಗಾಡಿಗಳ ನಡುವೆ ಹಗ್ಗ ಎಳೆದು ಕಟ್ಟಿದ ಸೀರೆ, ಅದರ ಕೆಳಗೆ ಮೂರು ಕಲ್ಲಿನ ಒಲೆ. ವಿಜಯಪುರ, ಕಲಬುರಗಿ, ಬಳ್ಳಾರಿ ಕಡೆಯವರು. ಆಂಧ್ರದವರು, ಮಹಾರಾಷ್ಟ್ರದವರು. ಮಾಲೆ ಹಾಕಿಕೊಂಡು ವಾರಗಟ್ಟಲೆ ನಡೆದು ಬಂದವರು ಕಾಲು ಚಾಚಿ ಕೂತಿದ್ದರು. ಬೇರೆ ಬೇರೆ ರಾಜ್ಯ, ಓದುವ ಲಿಪಿ ಬೇರೆ, ಆದರೆ ಎಲ್ಲರ ಬಾಯಲ್ಲೂ ಗೋರ್ ಬೋಲಿ. ತಾಂಡಾ ಬಿಟ್ಟರೆ ಸಂತೆಯಲ್ಲಿ, ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ ನಮ್ಮ ಮಾತನ್ನು ನಾವು ತಗ್ಗಿಸಿಯೇ ಆಡಿ ರೂಢಿ. ಇಲ್ಲಿ ಕೊಡ ಹಿಡಿದು ನೀರಿಗೆ ಹೋದರೂ ಅದೇ ಮಾತು, ಕಳೆದುಹೋದ ಮಗುವನ್ನು ಹೆಸರು ಹಿಡಿದು ಕರೆಯುವ ಮೈಕಿನಲ್ಲೂ ಅದೇ ಮಾತು. ಹತ್ತು ಹನ್ನೊಂದರ ಹುಡುಗಿಗೆ ಅದರ ಅರ್ಥ ಹೇಳಲು ಬರುತ್ತಿರಲಿಲ್ಲ, ಆದರೆ ನಾನು ಆ ದಿನವೆಲ್ಲ ಗಂಟಲು ಬಿಟ್ಟು ಮಾತಾಡಿದ್ದು ನೆನಪಿದೆ.

ಬಾಪು, ಯಾಡಿ ಇನ್ನೂ ಬಂದಿರಲಿಲ್ಲ. ತಾಡಪಾಲು ಅವರ ಹತ್ತಿರವೇ ಇದ್ದದ್ದರಿಂದ ಆ ರಾತ್ರಿ ಟ್ರೇಲರ್‌ನ ಕೆಳಗೆ ಸೊಪ್ಪೆ ಹಾಸಿಕೊಂಡು ಮಲಗಿದೆವು. ಮಾರನೆಯ ಮಧ್ಯಾಹ್ನ ಕಬ್ಬಿನ ಸೋಗೆ ಅಂಟಿಕೊಂಡಿದ್ದ ಒಂದು ಲಾರಿ ಬಂದು ನಿಂತಿತು. ಹಿಂದಿನ ಬಾಗಿಲು ಬಿಚ್ಚಿದಾಗ ಮೊದಲು ಇಳಿದದ್ದು ಯಾಡಿ. ನಾನು, ತಮ್ಮ ಓಡಿದೆವು. ಆದರೆ ನಮಗಿಂತ ಮುಂಚೆ ಮಾಸಿ ಹೋಗಿ ಅವಳನ್ನು ತಬ್ಬಿಬಿಟ್ಟಳು.

ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಅಳತೊಡಗಿದರು. ಅದು ಹಾಡು. ಬಹಳ ದಿನಕ್ಕೆ ಕಂಡ ಹೆಣ್ಣುಮಕ್ಕಳು ಹೀಗೆ ಕೊರಳು ತಬ್ಬಿಕೊಂಡೇ ಅತ್ತು ಹಾಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಮದುವಣಗಿತ್ತಿ ತವರು ಬಿಡುವಾಗ ಹಾಡುವ ಢಾವಲೋದ ಧಾಟಿ ಅದರಲ್ಲೂ ಇರುತ್ತದೆ. ಒಬ್ಬಳು ಉಸಿರು ನಿಲ್ಲಿಸಿದಲ್ಲಿ ಇನ್ನೊಬ್ಬಳು ಎತ್ತಿಕೊಳ್ಳಬೇಕು. ಸತ್ತ ಅಪ್ಪನ ಹೆಸರು ಬಂತು. ತವರಿನ ಬೇವಿನ ಮರ ಬಂತು. ಆ ವರ್ಷ ಸತ್ತ ಎಮ್ಮೆಯೂ ಬಂತು. ಯಾಡಿಯ ಮುಂಗೈ ಮೇಲೆ ಕಬ್ಬಿನ ಗರಿ ಕೊಯ್ದ ಗೀರುಗಳಿದ್ದವು, ಹಳೆಯವು ಕಪ್ಪಾಗಿದ್ದವು, ಹೊಸವು ಇನ್ನೂ ಕೆಂಪಗಿದ್ದವು. ಮಾಸಿ ಹಾಡುತ್ತಲೇ ಅವುಗಳ ಮೇಲೆ ಬೆರಳಾಡಿಸುತ್ತಿದ್ದಳು, ಗೀರುಗಳೂ ಹಾಡಿನೊಳಗೆ ಸೇರಿದವು. ಸುತ್ತ ನಿಂತ ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಹಾಡು ತನ್ನಷ್ಟಕ್ಕೆ ಮುಗಿಯಬೇಕು. ಮುಗಿದ ಮೇಲೆ ಇಬ್ಬರೂ ಮುಖ ಒರೆಸಿಕೊಂಡರು. ಯಾಡಿ ಮೂಗು ಸೀಟಿ, “ಬೆಲ್ಲ ಎಷ್ಟು ತಂದೀಯೇ?” ಅಂತ ತಂಗಿಯನ್ನು ಕೇಳಿದಳು. ಆಮೇಲೆ ನಮ್ಮಿಬ್ಬರನ್ನೂ ಎಳೆದು ಮಡಿಲಿಗೆ ಹಾಕಿಕೊಂಡಳು.

ಬಾಪು ತಾಡಪಾಲು ಬಿಚ್ಚಿದ. ಅದಕ್ಕೆ ಕಬ್ಬಿನ ಹಾಲಿನ ವಾಸನೆ, ಹೊಗೆಯ ವಾಸನೆ. ಮಡಿಕೆಗಳಲ್ಲಿ ಮಂಡ್ಯದ ಇರುವೆಗಳು ಇನ್ನೂ ಇದ್ದವು. ಕೊಡವಿ, ಟ್ರೇಲರ್‌ಗೆ ಒಂದು ಬದಿ ಕಟ್ಟಿ, ಇನ್ನೊಂದು ಬದಿಗೆ ಗಳ ಕೊಟ್ಟ. ಅದರ ಮರೆಯಲ್ಲಿ ದಾದಿ ಬಟ್ಟೆಗಂಟು ಬಿಚ್ಚಿ ಸೊಸೆಗೆ ಕೊಟ್ಟಳು. ಮೊದಲು ಫೇಟ್ಯಾ, ಆಮೇಲೆ ಬೆನ್ನಿಗೆ ಲಾಡಿ ಕಟ್ಟುವ ಕಾಂಚಳಿ. ಕೆನ್ನೆಯ ಎರಡೂ ಬದಿಗೆ ಕೂದಲಿನಲ್ಲಿ ಹೆಣೆದು ಇಳಿಬಿಡುವ ಘೂಗರಿ, ಟೋಪ್ಲಿಯನ್ನು ದಾದಿಯೇ ಕಟ್ಟಿದಳು. ಮುತ್ತೈದೆಯ ಗುರುತು ಅದು. ತಲೆ ಮೇಲೆ ಟುಕ್ರಿ ಎಳೆದುಕೊಂಡು ಯಾಡಿ ಹೊರಗೆ ಬಂದಾಗ ಅವಳ ನಿಲುವೇ ಬೇರೆಯಾಗಿತ್ತು. ಆ ಬಟ್ಟೆಗೆ ತೂಕವಿದೆ, ಬೆನ್ನು ನೆಟ್ಟಗೆ ಮಾಡದೆ ಅದನ್ನು ತೊಟ್ಟು ನಡೆಯಲಾಗುವುದಿಲ್ಲ.

ಕತ್ತಲಾದ ಮೇಲೆ ನಮ್ಮ ಬಿಡಾರದ ಭೋಗ್. ಗುಡಿಯಲ್ಲಿ ದೊಡ್ಡ ಭೋಗ್ ನಡೆಯುತ್ತದೆ, ಅದಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಆದರೆ ಬಿಡಾರ ಬಿಡಾರಕ್ಕೂ ತಮ್ಮದೊಂದು ಪೂಜೆ ಇರುತ್ತದೆ. ಕೆಂಡ ಹರಡಿ, ಬೆಲ್ಲ ಹಾಕಿದ ಲಾಪ್ಸಿಯನ್ನೂ ತುಪ್ಪವನ್ನೂ ಅದರ ಮೇಲೆ ಬಿಟ್ಟಾಗ ಉರಿ ಭಗ್ಗನೆ ಎದ್ದಿತು. ಎಲ್ಲರಿಗೂ ಹಿರಿಯನಾದ ಕಾಕಾ ಅರದಾಸ್ ಹೇಳಿದ. ನಮ್ಮ ದನಕರುಗಳು, ಕಾಡಿನ ಹುಳುಹುಪ್ಪಟೆ, ದಾರಿಯಲ್ಲಿರುವವರು, ಎಲ್ಲರೂ ಚೆನ್ನಾಗಿರಲಿ ಎಂದು ಕೇಳಿಕೊಳ್ಳುವ ಪ್ರಾರ್ಥನೆ ಅದು. ಸಾಲ ತೀರಲಿ ಅಂತ ಕೊನೆಗೊಂದು ಮಾತನ್ನು ಅವನೇ ಸೇರಿಸಿದ.

ನಂಗಾರವನ್ನು ಬೆಂಕಿಯ ಪಕ್ಕಕ್ಕೆ ತಂದು ಚರ್ಮ ಕಾಯಿಸಿದರು. ಚಳಿಗೆ ಸಡಿಲಾದ ಚರ್ಮ ಬಿಗಿಯಾಗುವವರೆಗೂ ಬಾಪು ಬೆರಳಿಂದ ತಟ್ಟಿ ತಟ್ಟಿ ಕೇಳುತ್ತಿದ್ದ. ಅವನ ಎಡಗೈ ಹೆಬ್ಬೆರಳಿಗೆ ಮಚ್ಚು ತಗುಲಿ ಬಟ್ಟೆ ಸುತ್ತಿತ್ತು. ಆದರೂ ಎರಡು ಕಡ್ಡಿ ಹಿಡಿದು ಬಾರಿಸಲು ಕೂತ. ಚಿಕ್ಕಪ್ಪ ಕಂಚಿನ ಥಾಳಿ ತೆಗೆದುಕೊಂಡ. ಹೆಂಗಸರು ಬೆಂಕಿಯ ಸುತ್ತ ದುಂಡಗೆ ನಿಂತರು.

ನಮ್ಮ ಕುಣಿತದಲ್ಲಿ ನೆಗೆತವಿಲ್ಲ. ಒಂದು ಹೆಜ್ಜೆ ಮುಂದಿಟ್ಟು, ಸೊಂಟದಿಂದ ಬಾಗಿ, ಕೆಳಗೆ ಚಪ್ಪಾಳೆ ತಟ್ಟಿ, ಎದ್ದು, ಹಿಂದೆ ಸರಿದು, ಪಕ್ಕಕ್ಕೆ ತಿರುಗುವುದು. ಇಷ್ಟೇ. ಈ ಇಷ್ಟನ್ನೇ ರಾತ್ರಿಯಿಡೀ ಮಾಡಬೇಕು. ಬಾಗಿದಾಗ ಎಲ್ಲರ ಟುಕ್ರಿ ಒಟ್ಟಿಗೆ ಮುಂದೆ ಬೀಳುತ್ತದೆ, ಎದ್ದಾಗ ಎದೆಯ ಮೇಲಿನ ಕನ್ನಡಿಗಳಿಗೆಲ್ಲ ಒಮ್ಮೆಗೇ ಬೆಂಕಿ ಹಿಡಿದು ಬಿಡುತ್ತದೆ. ಕಾಲಕಡಗದ ಸದ್ದು ಥಾಳಿಗೆ ಸೇರುತ್ತದೆ. ಅರ್ಧ ಸುತ್ತು ಒಂದು ಸೊಲ್ಲು ಹಾಡಿದರೆ ಇನ್ನರ್ಧ ಸುತ್ತು ಅದನ್ನೇ ತಿರುಗಿ ಹಾಡಬೇಕು. ಹೀಗೆ ತಿರುಗಿ ಹಾಡುವಲ್ಲೇ ಮಕ್ಕಳು ಕಲಿಯುವುದು. ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ನಾನು ಯಾಡಿಯ ಫೇಟ್ಯಾದ ಅಂಚು ಹಿಡಿದು ಅವಳ ಹಿಂದೆ ಬಾಗುತ್ತ ಏಳುತ್ತ ಹೋದೆ.

ದಾದಿ ಆ ರಾತ್ರಿ ಎತ್ತಿಕೊಂಡದ್ದು ಲದೇಣಿಯ ಉದ್ದನೆಯ ಹಾಡು. ಎತ್ತುಗಳನ್ನು ಹೆಸರು ಹಿಡಿದು ಎಬ್ಬಿಸುವುದು, ಹೇರು ಬಿಗಿಯುವುದು, ಯಾವ ಯಾವ ನೀರಿನ ಹತ್ತಿರ ಇಳಿದರು ಅನ್ನುವುದು, ಕೊನೆಗೆ ದೊಡ್ಡ ಹೊಳೆಯ ದಂಡೆಗೆ ಬಂದಾಗ ಮುಂದಾಳು ಎತ್ತು ನೀರಿಗೆ ಕಾಲಿಡದೆ ನಿಂತುಬಿಡುವುದು. ನಮ್ಮ ತಾಂಡಾದಲ್ಲಿ ಹಾಡು ಅಲ್ಲಿಗೆ ಮುಗಿಯುತ್ತಿತ್ತು. ದಾದಿಗೆ ಅವಳ ಅತ್ತೆ ಕಲಿಸಿದ್ದೂ ಅಷ್ಟೇ.

ದಾದಿ ನಿಲ್ಲಿಸಿದಳು. ಬೆಂಕಿಯ ಆಚೆ ಕತ್ತಲಲ್ಲಿ ಇನ್ನೊಂದು ದನಿ ಅದನ್ನು ಎತ್ತಿಕೊಂಡಿತು.

ಪಕ್ಕದ ಬಿಡಾರದ ಮುದುಕಿ. ನಾಂದೇಡ್ ಕಡೆಯವರು. ತೋಳು ತುಂಬ ಬಿಳಿ ಬಳೆ, ನೆರಿಗೆಗಟ್ಟಿದ ಮುಖ, ಬಾಯಲ್ಲಿ ಹಲ್ಲಿಲ್ಲ. ರಾಗ ಸ್ವಲ್ಪ ಬೇರೆ, ನಡುನಡುವೆ ನಮಗೆ ತಿಳಿಯದ ಮರಾಠಿ ಮಾತು. ಆದರೆ ಹಾಡು ಅದೇ. ಹೊಳೆಯ ನಡುವಿನಿಂದ ಶುರುವಾಯಿತು. ಎತ್ತಿನ ಕೊರಳ ಗಂಟೆ ನೀರಿನಲ್ಲಿ ನೆನೆದು ಮೂಕಾಗುವುದು, ಆಚೆ ದಂಡೆ ಹತ್ತಿದ ಮೇಲೆ ಮತ್ತೆ ನುಡಿಯುವುದು, ಈಚೆ ದಂಡೆಯಲ್ಲಿ ಉಳಿದ ಹುಡುಗಿ ಆ ಗಂಟೆ ಕೇಳಿಸುವವರೆಗೂ ಕೇಳುತ್ತ ನಿಲ್ಲುವುದು.

ಬಾಪುವಿನ ಕೈ ನಂಗಾರದ ಮೇಲೆ ಹಾಗೇ ನಿಂತಿತ್ತು. ದಾದಿ ಬೆಂಕಿ ಬಳಸಿಕೊಂಡು ಹೋಗಿ ಆ ಮುದುಕಿಯ ಎದುರು ಕೂತಳು.

“ಎತ್ತು ಹೊಳೆ ದಾಟಿತಾ ಬಾಯಿ?”

“ದಾಟದೇ ಏನು? ದಾಟಿ ನಮ್ಮ ಕಡೆ ಬಂತಲ್ಲ!”

ದಾದಿ ಅವಳ ಎರಡೂ ಕೈ ಹಿಡಿದುಕೊಂಡಳು. ಎಪ್ಪತ್ತರ ಹತ್ತಿರದ ನನ್ನ ದಾದಿ, ಮನೆಯಲ್ಲಿ ಒಂದು ದಿನವೂ ಕಣ್ಣೀರು ಹಾಕದವಳು, ಆಗ ಬಿಕ್ಕಿ ಬಿಕ್ಕಿ ಅತ್ತಳು. ಜೀವಮಾನವಿಡೀ ಆ ಎತ್ತನ್ನು ದಂಡೆ ಮೇಲೆ ನಿಲ್ಲಿಸಿ ಮಲಗಿದ್ದಳಲ್ಲ.

ಆಮೇಲೆ ತಿಳಿಯಿತು, ಅವರ ಹಾಡಿಗೆ ತಲೆಯೇ ಇರಲಿಲ್ಲ. ಎತ್ತು ನೀರಿನಲ್ಲಿ ಇಳಿದಲ್ಲಿಂದಲೇ ಅವರು ಹಾಡುತ್ತಿದ್ದರು. ಎಲ್ಲಿಂದ ಹೊರಟಿತು, ಯಾವ ನೀರು ಕುಡಿದಿತ್ತು, ಏನು ಹೊತ್ತಿತ್ತು ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ದಾದಿ ಮೊದಲಿಂದ ಹೇಳಿಕೊಟ್ಟಳು. ಆ ಮುದುಕಿ ಕೊನೆಯದನ್ನು ಹೇಳಿಕೊಟ್ಟಳು. ಎರಡೂ ಬಿಡಾರದ ಹೆಂಗಸರು ಒಂದೇ ಸುತ್ತಾಗಿ ನಿಂತು ಸೊಲ್ಲು ಸೊಲ್ಲನ್ನೂ ತಿರುಗಿ ಹಾಡಿದರು. ತಪ್ಪಿದರೆ ಇಬ್ಬರು ಮುದುಕಿಯರೂ ಕೈಯೆತ್ತಿ ನಿಲ್ಲಿಸುತ್ತಿದ್ದರು. ನಂಗಾರದ ಚರ್ಮ ಸಡಿಲಾದಾಗೆಲ್ಲ ಬೆಂಕಿಗೆ ಹಿಡಿಯುತ್ತ, ಜಗಳೂರಿನ ಜಾಲಿ ಸೌದೆ ಮುಗಿದ ಮೇಲೆ ಅವರ ಸೌದೆ ತಂದು ಹಾಕುತ್ತ, ಬೆಳ್ಳಿ ಮೂಡುವವರೆಗೂ ಹಾಡಿದರು. ತಮ್ಮ ತಾಡಪಾಲಿನ ಕೆಳಗೆ ನಿದ್ದೆ ಹೋಗಿದ್ದ. ನಾನು ಮಲಗಲಿಲ್ಲ.

ಸೇವಾಲಾಲರ ಅಪ್ಪ ಭೀಮಾ ನಾಯಕ ಲದೇಣಿಯ ಮುಂದಾಳಾಗಿದ್ದ, ಅವನ ಬಿಡಾರ ಇಲ್ಲಿ ಇಳಿದಾಗಲೇ ಧರ್ಮಣಿ ಯಾಡಿ ಮಗುವನ್ನು ಹೆತ್ತಳು ಎಂದು ದಾದಿ ಬೆಳಗಿನ ಜಾವ ಹೇಳಿದ್ದಳು. ದಾರಿಯಲ್ಲಿ ಹುಟ್ಟಿದವನ ಹಬ್ಬಕ್ಕೆ ಮನೆ ಬಿಟ್ಟು ಬಂದೇ ಕೂಡಬೇಕು ಅನ್ನುವುದು ಅವಳ ಲೆಕ್ಕ.

ಇತ್ತೀಚೆಗೆ ನಮ್ಮ ಕುಣಿತಕ್ಕೆ ವೇದಿಕೆಗಳು ಸಿಕ್ಕಿವೆ. ರಾಜ್ಯೋತ್ಸವ, ದಸರಾ, ಮೆರವಣಿಗೆ. ನಮ್ಮ ಹೆಣ್ಣುಮಕ್ಕಳಿಗೆ ಅದರಿಂದ ನಾಲ್ಕು ಕಾಸು, ನಾಲ್ಕು ಜನರ ಮೆಚ್ಚುಗೆ ಬಂದಿದೆ. ಅದು ಬೇಕು, ಇನ್ನಷ್ಟು ಬೇಕು. ಆದರೆ ವೇದಿಕೆ ಮೇಲೆ ಕೆಲವೇ ನಿಮಿಷ. ಅಷ್ಟರಲ್ಲಿ ಹೊಳೆಯ ದಂಡೆಗೂ ಬರಲಾಗುವುದಿಲ್ಲ. ಭಾಯಾಗಡದ ಹೊಲಗಳಲ್ಲಿ ಈಗ ರಾತ್ರಿ ಡಿಜೆ ಹಾಕುವ ಬಿಡಾರಗಳೂ ಇವೆ. ಹುಡುಗರು ಕುಣಿಯಲಿ, ವಯಸ್ಸು ಅದು. ಆದರೆ ಆ ಸದ್ದಿನಲ್ಲಿ ಪಕ್ಕದ ಬಿಡಾರದ ಮುದುಕಿ ಏನು ಹಾಡುತ್ತಿದ್ದಾಳೆ ಅನ್ನುವುದು ಕೇಳಿಸುವುದಿಲ್ಲ. ನಮ್ಮ ಹಾಡಿನ ಅರ್ಧ ನಮ್ಮ ಹತ್ತಿರ, ಇನ್ನರ್ಧ ಇನ್ನೆಲ್ಲೋ ಇರುವವರ ಹತ್ತಿರ ಉಳಿದಿದೆ. ಅವು ಕೂಡಬೇಕಾದರೆ ನಾವು ಒಂದೇ ಹೊಲದಲ್ಲಿ, ಕಿವಿಗೆ ಕೇಳುವಷ್ಟು ಹತ್ತಿರ, ರಾತ್ರಿ ಕಳೆಯಬೇಕು. ಹಾಗಾಗಿ ಭಾಯಾಗಡಕ್ಕೆ ಹೋಗುವ ನಮ್ಮ ಹುಡುಗಿಯರಿಗೆ ನಾನು ಹೇಳುವುದು ಒಂದೇ: ದರ್ಶನ ಮುಗಿಸಿ ಬಸ್ಸು ಹತ್ತಬೇಡಿ, ಉಳಿದುಕೊಳ್ಳಿ.

15ರ ಮಧ್ಯಾಹ್ನ ದರ್ಶನವಾದ ಮೇಲೆ ಲಾರಿ ಬಂತು. ಯಾಡಿ ತಾಡಪಾಲಿನ ಮರೆಗೆ ಹೋಗಿ ಫೇಟ್ಯಾ ಬಿಚ್ಚಿ ಮಡಚಿ ಗಂಟು ಕಟ್ಟಿ ದಾದಿಯ ಕೈಗೆ ಕೊಟ್ಟಳು. ಹಳೆ ಸೀರೆ, ಅದರ ಮೇಲೆ ಆ ಅಂಗಿ. ಬಾಪು ತಾಡಪಾಲು ಕೊಡವಿ ಲಾರಿಗೆ ಎಸೆದ. ಸಕ್ಕರೆ ಕಾರ್ಖಾನೆ ನಿಲ್ಲಲು ಇನ್ನೂ ತಿಂಗಳುಗಳಿದ್ದವು.

ಆ ವರ್ಷ ಶ್ರಾವಣದ ತೀಜ್‌ನಲ್ಲಿ ಮದುವೆಯಾಗದ ಹುಡುಗಿಯರು ಬುಟ್ಟಿಗಳಲ್ಲಿ ಗೋಧಿ ಸಸಿ ಬೆಳೆಸಿ ದಿನಾ ಸಂಜೆ ಹಾಡುವಾಗ, ದಾದಿ ಎತ್ತನ್ನು ಹೊಳೆ ದಾಟಿಸಿದಳು. ತಾಂಡಾದಲ್ಲಿ ಜಗಳವೇ ಆಯಿತು. “ಇದು ನಮ್ಮ ಹಿರಿಯರು ಹಾಡಿದ್ದಲ್ಲ, ಪರವೂರಿನ ಸೊಲ್ಲು ತಂದು ಸೇರಿಸೀಯಾ” ಅಂತ ಮೇಲಿನ ಸಾಲಿನ ಹೆಂಗಸರು ಕಣ್ಣು ಕೆಂಪಗೆ ಮಾಡಿದರು. ದಾದಿ ಜಗ್ಗಲಿಲ್ಲ. ನಾಯಕನವರೆಗೂ ಮಾತು ಹೋಯಿತು. ಹಾಡಿನ ವಿಷಯ ಹೆಂಗಸರದ್ದು, ನನ್ನನ್ನು ಕೇಳಬೇಡಿ ಅಂದ. ದಾದಿ ತೀರಿಕೊಂಡಳು, ಜಗಳ ಇನ್ನೂ ಇದೆ. ಇವತ್ತಿಗೂ ನಮ್ಮ ತಾಂಡಾದಲ್ಲಿ ಮೇಲಿನ ಸಾಲಿನವರು ಎತ್ತನ್ನು ದಂಡೆ ಮೇಲೆ ನಿಲ್ಲಿಸುತ್ತಾರೆ, ಕೆಳಗಿನ ಸಾಲಿನ ನಾವು ದಾಟಿಸುತ್ತೇವೆ.